ಪರದೆಯ ಮೇಲೆ ಕನ್ನಡ ಅಕ್ಷರಗಳು ಸರಿಯಾಗಿ ಮೂಡದಿರುವ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಸಾರ್ವಜನಿಕರು ಪಹಣಿ, ಜಾತಿ ಅಥವಾ ಆದಾಯ ಪ್ರಮಾಣ ಪತ್ರಗಳಿಗಾಗಿ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುವಾಗ ಕೆಲವೊಮ್ಮೆ ಹೆಸರಿನ ಅಕ್ಷರಗಳು ಒಡೆದು ಕಾಣಿಸುವುದುಂಟು. ಈ ದೋಷವು ಪರದೆಯಲ್ಲಿ ಮಾತ್ರ ಇದ್ದರೆ ತಿದ್ದುಪಡಿಯ ಅಗತ್ಯವಿರುವುದಿಲ್ಲ. ಆದರೆ ದಾಖಲೆಯಲ್ಲಿಯೇ ‘ಬಸಪ್ಪ’ ಎಂಬುದು ‘ಬಸಪ’ ಎಂದಾಗಿದ್ದರೆ ಮುಂದೆ ಬ್ಯಾಂಕ್ ಸಾಲ, ಪೌತಿ ಖಾತೆ ಮುಂತಾದ ಸಂದರ್ಭಗಳಲ್ಲಿ ತೊಂದರೆಯಾಗಬಹುದು. ಇವೆರಡನ್ನೂ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಕ್ಷರಗಳು ಪರದೆಯ ಮೇಲೆ ಮೂಡುವ ಕ್ರಮ

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಉಳಿಸಿಕೊಳ್ಳುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಅದರಂತೆ ‘ಬಳ್ಳಾರಿ’ ಎಂಬ ಪದವು ಬ, ಳ, ವಿರಾಮ ಚಿಹ್ನೆ, ಳ, ದೀರ್ಘ, ರ, ಗುಡಿಸು ಎಂಬ 7 ಸಂಕೇತಗಳಾಗಿ ಉಳಿಯುತ್ತದೆ. ಇವುಗಳನ್ನು ಜೋಡಿಸಿ ಒತ್ತಕ್ಷರವಾಗಿ ತೋರಿಸುವುದು ಫಾಂಟ್ ಹಾಗೂ ತಂತ್ರಾಂಶದ ಕೆಲಸ. ಆದುದರಿಂದ ಸಂಕೇತಗಳು ಸರಿಯಿದ್ದರೂ ನೋಟ ಕೆಡಬಹುದು.

ದೋಷದ ಲಕ್ಷಣ ಮತ್ತು ಕಾರಣ

1. ಖಾಲಿ ಚೌಕಗಳು: ಆ ಯಂತ್ರದಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ತುಂಗಾ, ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್ ಅಳವಡಿಸಿದಲ್ಲಿ ಸರಿಹೋಗುತ್ತದೆ.

2. ಒತ್ತಕ್ಷರ ಬಿಡಿಯಾಗಿ, ‘ಬಳ್‌ಳಾರಿ’ ಎಂಬಂತೆ ಕಾಣುವುದು: ತಂತ್ರಾಂಶವು ಅಕ್ಷರಗಳನ್ನು ಜೋಡಿಸುತ್ತಿಲ್ಲ. ಟರ್ಮಿನಲ್ ಮಾದರಿಯ ಕಿಟಕಿಗಳಲ್ಲಿ ಇದು ಸಾಮಾನ್ಯ. ಅಲ್ಲಿ ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಒಂದು ಮನೆ ಎಂಬ ಲೆಕ್ಕವಿದ್ದು, ಇದು ಇಂಗ್ಲಿಷ್‌ಗೆ ಹೊಂದುತ್ತದೆಯೇ ಹೊರತು ಒತ್ತು, ಕೊಂಬುಗಳುಳ್ಳ ಕನ್ನಡಕ್ಕೆ ಹೊಂದುವುದಿಲ್ಲ. ಸಾಮಾನ್ಯವಾಗಿ ಇದು ನೋಟದ ದೋಷ ಮಾತ್ರ.

3. ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಮಿಶ್ರಣ: ಕಡತವು ಯೂನಿಕೋಡ್‌ಗೆ ಹಿಂದಿನ ವಿಧಾನದಲ್ಲಿ ಸಿದ್ಧವಾಗಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸ್ಥಾನದಲ್ಲಿ ಇರಿಸಲಾಗಿತ್ತು. ಇಂತಹ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಯೇ ಬಳಸಬೇಕು.

4. ಅಕ್ಷರಗಳ ಸ್ಥಾನದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು: ಇದು ಗಂಭೀರವಾದುದು. ಉಳಿಸುವಾಗ ಅಥವಾ ವರ್ಗಾಯಿಸುವಾಗ ಮೂಲ ಅಕ್ಷರಗಳೇ ನಷ್ಟವಾಗಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದಲ್ಲಿ ಫಾಂಟ್ ಬದಲಾಯಿಸಿದರೆ ಅವು ಮರಳಿ ಬರುವುದಿಲ್ಲ. ಹೆಸರನ್ನು ಮತ್ತೆ ನಮೂದಿಸಬೇಕಾಗುತ್ತದೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಅ) ಮೊದಲು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಮೂರು ಹೆಸರುಗಳನ್ನು ಬೆರಳಚ್ಚು ಮಾಡಿ ನೋಡುವುದು. ‘ಳ್ಳಾ’, ‘ಪ್ಪ’, ‘ಗೋ’ ಸರಿಯಾಗಿ ಮೂಡದಿದ್ದಲ್ಲಿ ದೋಷವು ಆ ಯಂತ್ರದ್ದು.

ಆ) ಅದೇ ದಾಖಲೆಯನ್ನು ಬೇರೊಂದು ಯಂತ್ರ ಅಥವಾ ಮೊಬೈಲ್‌ನಲ್ಲಿ ತೆರೆದು ನೋಡುವುದು. ಅಲ್ಲಿ ಸರಿಯಾಗಿ ಕಂಡರೆ ದಾಖಲೆ ಸರಿಯಿದೆಯೆಂದೇ ತಿಳಿಯಬಹುದು.

ಇ) ಪಿಡಿಎಫ್ ಕಡತದಿಂದ ಹೆಸರನ್ನು ನಕಲಿಸಿ ಅರ್ಜಿಯಲ್ಲಿ ಅಂಟಿಸಬಾರದು. ನಕಲಿಸುವಾಗ ಅಕ್ಷರಗಳ ಕ್ರಮ ಬದಲಾಗಬಹುದಾದ್ದರಿಂದ ಯೂನಿಕೋಡ್‌ನಲ್ಲಿ ಹೊಸದಾಗಿ ಬೆರಳಚ್ಚು ಮಾಡುವುದು ಸೂಕ್ತ.

ಈ) ಅರ್ಜಿ ಸಲ್ಲಿಸುವ ಮುನ್ನ ತಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು ಹಾಗೂ ಗ್ರಾಮದ ಹೆಸರನ್ನು ಅಕ್ಷರಶಃ ಓದಿ ನೋಡುವುದು. ಓದಲು ಬಾರದವರು ನಂಬಿಕಸ್ಥರಿಂದ ಓದಿಸಿಕೊಳ್ಳುವುದು.

ಬೇರೆ ಯಂತ್ರದಲ್ಲಿಯೂ, ಮುದ್ರಿತ ಪ್ರತಿಯಲ್ಲಿಯೂ ಅದೇ ತಪ್ಪು ಕಂಡುಬಂದಲ್ಲಿ ಅದನ್ನು ದಾಖಲೆಯ ದೋಷವೆಂದು ಭಾವಿಸಿ, ಮುದ್ರಿತ ಪ್ರತಿ ಹಾಗೂ ಸರಿಯಾದ ಹೆಸರುಳ್ಳ ಮೂಲ ದಾಖಲೆಯೊಂದಿಗೆ ಸಂಬಂಧಪಟ್ಟ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು. ಪ್ರಮಾಣ ಪತ್ರ ಕೈಸೇರಿದ ದಿನವೇ ಪರಿಶೀಲಿಸಿಕೊಂಡಲ್ಲಿ ಮುಂದಿನ ಅಲೆದಾಟ ತಪ್ಪುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.