ಬರಿದಾದ ಸೀಸೆಯ ಬೆಲೆ

ಕೊಪ್ಪಳದ ಬೇಸಿಗೆಯನ್ನು ಬಲ್ಲವರಿಗೆ ಗೋಲಿಸೋಡಾದ ವರ್ಣನೆ ಬೇಕಿಲ್ಲ. ಹೆಬ್ಬೆರಳಿನ ಒತ್ತಿಗೆ ಗೋಲಿಯು ಒಳಗಿಳಿದಾಗ ಏಳುವ ಆ ಸಿಳ್ಳು ಸಂತೆಯ ಗದ್ದಲದಲ್ಲಿಯೂ ಕಿವಿಗೆ ಬೀಳುವಂಥದು. ಆದರೆ ನಾನಿಲ್ಲಿ ಹೇಳಹೊರಟಿರುವುದು ಸೋಡಾದ ಸಂಗತಿಯನ್ನಲ್ಲ, ಕುಡಿದ ಮೇಲೆ ಉಳಿಯುವ ಸೀಸೆಯ ಸಂಗತಿಯನ್ನು. 1870ರ ದಶಕದ ಮೊದಲಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರನು ಕಲ್ಪಿಸಿದ ಈ ಸೀಸೆಯಲ್ಲಿ ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕೊರಳಿನ ರಬ್ಬರ್ ಬಳೆಗೆ ಅದುಮಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಇಷ್ಟು ಜಾಣ್ಮೆಯ ವಸ್ತುವನ್ನು ಯಾರೂ ಎಸೆಯಲೆಂದು ಮಾಡುವುದಿಲ್ಲ. ಅಂಗಡಿಯ ಮುಂದೆ ನಿಂತು ಕುಡಿದು ಹಿಂದಿರುಗಿಸಬೇಕು. ಮನೆಗೆ ಒಯ್ಯುವುದಾದರೆ ಸೀಸೆಯ ಹಣವನ್ನು ಅಂಗಡಿಯವನ ಕೈಯಲ್ಲಿಟ್ಟು ಒಯ್ಯಬೇಕು. ತಂಪುಪಾನೀಯದ ಗಾಜಿನ ಬಾಟಲಿಗಳೂ ಬಹುಕಾಲ ಇದೇ ಕಟ್ಟಳೆಗೆ ಒಳಪಟ್ಟಿದ್ದವು. ಮದುವೆಯ ಮನೆಗೆ ನಾಲ್ಕು ಕ್ರೇಟು ತರಿಸಿದರೆ ಮರುದಿನ ಬರಿಯ ಬಾಟಲಿಗಳನ್ನು ಎಣಿಸಿ ಒಪ್ಪಿಸಿ ಬರುವ ಕೆಲಸ ಯಾವನಾದರೊಬ್ಬ ಹುಡುಗನ ಪಾಲಿಗೆ ಬರುತ್ತಿತ್ತು.

ಹೀಗೆ ಇಟ್ಟ ಹಣಕ್ಕೆ ನಮ್ಮಲ್ಲಿ ಠೇವಣಿ ಎಂದು ಹೆಸರು. ಮಾತು ಮರಾಠಿಯಿಂದ ಬಂದುದು. 'ಇಡು' ಎಂಬುದೇ ಅದರ ಮೂಲಾರ್ಥ. ಸೀಸೆಯಾದರೋ ಫಾರಸಿಯದು. ಒಂದು ಕಾಲಕ್ಕೆ ಸಾಲಾರ್ ಜಂಗರ ಜಹಗೀರಾಗಿದ್ದ ಕೊಪ್ಪಳ, ಯಲಬುರ್ಗೆಗಳ ಜನಕ್ಕೆ ಇವೆರಡರಲ್ಲಿ ಯಾವುದೂ ಪರಕೀಯವೆನಿಸದು.

ಈಗ ಠೇವಣಿ ಹೋಯಿತು, ಸೀಸೆ ಮಾತ್ರ ಉಳಿಯಿತು. ಅದು ಉಳಿದಿರುವುದೆಲ್ಲಿ? ಗಂಗಾವತಿಯ ಸುತ್ತಣ ಭತ್ತದ ಗದ್ದೆಗಳನ್ನು ನೋಡಿದವರು ಬಲ್ಲರು. ತುಂಗಭದ್ರೆಯ ಎಡದಂಡೆ ಕಾಲುವೆಯ ಏರಿಯ ಮೇಲೆ ಸಂಜೆ ಕುಳಿತವರು ಬೆಳಗಿಗೆ ಕಾಣುವುದಿಲ್ಲ. ಅವರ ಬಾಟಲಿಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಒಡೆದು ಕೆಸರಿಗೆ ಇಳಿಯುತ್ತವೆ. ನಾಟಿಯ ಹೆಣ್ಣಾಳುಗಳು ಆ ಕೆಸರಿಗೆ ಇಳಿಯುವುದು ಬರಿಗಾಲಿನಲ್ಲಿ. ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹತ್ತು ದಿನ ಪಾಠಕ್ಕೆ ಬಾರದಿದ್ದಾಗ ಕಾರಣ ಕೇಳಿದೆ. "ಅವ್ವನ ಕಾಲಿಗೆ ಗಾಜು ನಟ್ಟೈತ್ರಿ ಸರ್, ಆಕಿ ಬದಲಿ ನಾಟಿಗೆ ನಾ ಹೊಂಟೀನ್ರಿ" ಎಂದಳು. ಗಾಯದ ಚಿಕಿತ್ಸೆ, ಕಳೆದ ಕೂಲಿ, ತಪ್ಪಿದ ಪಾಠ, ಇವುಗಳಲ್ಲಿ ಯಾವುದನ್ನೂ ಆ ಬಾಟಲಿಯ ಬೆಲೆಯಲ್ಲಿ ಯಾರೂ ಸೇರಿಸಿರಲಿಲ್ಲ. ಕುಷ್ಟಗಿ, ಯಲಬುರ್ಗೆಗಳ ಎರೆಭೂಮಿಯಲ್ಲಿಯೂ ಬೇರೆಯ ಕಥೆಯಿಲ್ಲ. ಅಲ್ಲಿ ಎತ್ತಿನ ಗೊರಸಿನ ಚಿಂತೆಯೂ ಜೊತೆಗೂಡುತ್ತದೆ.

ಗುಜರಿಯವನು ಇದನ್ನೆಲ್ಲ ಆಯಬಾರದೇಕೆ ಎಂದು ಕೇಳಬಹುದು. ಆಯುತ್ತಾನೆ, ಪ್ಲಾಸ್ಟಿಕ್ಕನ್ನು ಆಯುತ್ತಾನೆ. ಗಾಜಿಗೆ ತೂಕ ಹೆಚ್ಚು, ಬೆಲೆ ಕಡಿಮೆ; ಚೀಲವನ್ನೂ ಹರಿಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಆತನ ಲೆಕ್ಕ ತಪ್ಪಲ್ಲ.

ನಮ್ಮ ನೆರೆಯ ನೀಲಗಿರಿಯಲ್ಲಿ ಈ ಲೆಕ್ಕವನ್ನೇ ತಿರುಗಿಸಿದರು. ಬಂಡೀಪುರದಾಚೆಯ ಆ ಕಾಡುಗಳಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಕಾಲನ್ನು ಸೀಳುತ್ತಿವೆಯೆಂಬ ವಿಷಯ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದು, ಅದರ ಆಜ್ಞೆಯಂತೆ 2022ರ ಮೇ ತಿಂಗಳಲ್ಲಿ ಠೇವಣಿಯ ಪದ್ಧತಿ ಮೊದಲಾಯಿತು. ಸರಕಾರಿ ಮದ್ಯದ ಮಳಿಗೆಯಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಕೊಡಬೇಕು. ಬರಿಯ ಬಾಟಲಿ ತಂದರೆ ಆ 10 ರೂಪಾಯಿ ಮರಳಿ ಕೈಗೆ ಬರುತ್ತದೆ. ಬಾಟಲಿಯ ಮೇಲೆ ಗುರುತು ಹಾಕುತ್ತಾರೆ. ಇಲ್ಲವಾದರೆ ಠೇವಣಿಯಿಲ್ಲದ ಊರಿನಿಂದ ಗಾಡಿಗಟ್ಟಲೆ ಬಾಟಲಿ ತಂದು ಹಣ ಕೇಳುವ ಚತುರರಿಗೆ ನಮ್ಮ ನಾಡಿನಲ್ಲಿ ಬರವೇ? ಕುಡಿದವನಿಗೆ ಹತ್ತು ರೂಪಾಯಿಯ ಪರಿವೆ ಇಲ್ಲದಿರಬಹುದು. ಅವನು ಎಸೆದುದನ್ನು ಆಯ್ದವನಿಗೆ ಇರುತ್ತದೆ. ಈ ಪದ್ಧತಿಯ ಜೀವವಿರುವುದು ಅಲ್ಲಿಯೇ: ಅದು ಯಾರನ್ನೂ ಸಜ್ಜನನಾಗೆಂದು ಬೇಡುವುದಿಲ್ಲ. ಮುಂದೆ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಇದು ಹಬ್ಬಿತು. 2025ರಲ್ಲಿ ಕೇರಳವೂ 20 ರೂಪಾಯಿಯ ಠೇವಣಿಯನ್ನು ತಿರುವನಂತಪುರ, ಕಣ್ಣೂರು ಜಿಲ್ಲೆಗಳ ಕೆಲವು ಮಳಿಗೆಗಳಲ್ಲಿ ಪರೀಕ್ಷೆಗೆ ತಂದಿತು. ನಾರುವ ಬಾಟಲಿಗಳನ್ನು ಎಣಿಸಿ ಒಟ್ಟುವ ಹೊರೆ ತಮ್ಮ ಮೇಲೆ ಬಿದ್ದಿತೆಂದು ತಮಿಳುನಾಡಿನ ಮಳಿಗೆಯ ನೌಕರರು ಆಕ್ಷೇಪಿಸಿದ್ದೂ ಉಂಟು. ಆಕ್ಷೇಪ ನ್ಯಾಯವಾದುದೆಂದೇ ನನ್ನ ಎಣಿಕೆ. ಆ ಕೆಲಸಕ್ಕೆ ಬೇರೆ ಆಳು, ಬೇರೆ ಸ್ಥಳ, ಬೇರೆ ಕೂಲಿ ಬೇಕು.

ಹೊರದೇಶಗಳಲ್ಲಿ ಇದು ಹಳೆಯ ಮಾತು. ಅಮೆರಿಕದ ಆರೆಗಾನ್ ರಾಜ್ಯವು 1971ರಲ್ಲಿಯೇ ಶಾಸನ ಮಾಡಿ ಪ್ರತಿ ಸೀಸೆಗೆ, ಡಬ್ಬಿಗೆ 5 ಸೆಂಟ್ ಗೊತ್ತುಮಾಡಿತು. ಕಾಲ ಸರಿದಂತೆ 5 ಸೆಂಟಿಗೆ ಬಗ್ಗುವವರು ಕಡಿಮೆಯಾದರು. ಸತತ ಎರಡು ವರ್ಷ ಶೇಕಡಾ 80ಕ್ಕಿಂತ ಕಡಿಮೆ ಮರಳಿದರೆ ಠೇವಣಿ ಇಮ್ಮಡಿಯಾಗಬೇಕೆಂಬ ನಿಯಮವಿದ್ದುದರಿಂದ 2017ರಲ್ಲಿ ಅದು 10 ಸೆಂಟ್ ಆಯಿತು. ಜರ್ಮನಿ 2003ರಿಂದ ಒಮ್ಮೆ ಬಳಸಿ ಬಿಡುವ ಬಾಟಲಿಗಳಿಗೂ 25 ಸೆಂಟ್ ಠೇವಣಿ ಕೇಳುತ್ತದೆ. ಅಲ್ಲಿಯ ಕೆಲವರು ಬರಿಯ ಬಾಟಲಿಯನ್ನು ಕಸದ ತೊಟ್ಟಿಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರಂತೆ, ಆಯುವ ಬಡವನು ತೊಟ್ಟಿಗೆ ಕೈಹಾಕಬೇಕಾಗದಿರಲೆಂದು.

ಮರಳಿ ಬಾರದ ಸೀಸೆಯ ಹಣ ಯಾರದು? ಮೊದಲೇ ಕೇಳಬೇಕಾದ ಪ್ರಶ್ನೆಯಿದು. ಜರ್ಮನಿಯಲ್ಲಿ ಅದು ಪಾನೀಯ ಮಾರುವ ಕಂಪನಿಗಳಲ್ಲಿಯೇ ಉಳಿಯುತ್ತದೆ; ಮಿಷಿಗನ್ ರಾಜ್ಯದಲ್ಲಿ ಮುಕ್ಕಾಲು ಪಾಲು ಸರಕಾರಕ್ಕೆ, ಕಾಲು ಪಾಲು ಚಿಲ್ಲರೆ ಅಂಗಡಿಗಳಿಗೆ. ಕಾಲು ಕೊಯ್ದುಕೊಂಡವಳಿಗೆ ಎಲ್ಲಿಯೂ ಪಾಲು ಇಟ್ಟಂತೆ ಕಾಣೆ.

ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆ ಮಾರಾಟ ಬಹುಮಟ್ಟಿಗೆ ಖಾಸಗಿಯವರದು. ಆದುದರಿಂದ ತಮಿಳುನಾಡಿನ ಏರ್ಪಾಡನ್ನು ಇದ್ದಂತೆಯೇ ಇಲ್ಲಿಗೆ ಎತ್ತಿ ತರಲಾಗದು. ಸರಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಗಳಿಂದ ತೊಡಗಬಹುದು. ಅಗ್ಗದ ಮದ್ಯ ಕಾಗದದ ಪೊಟ್ಟಣದಲ್ಲಿಯೂ ಬರುತ್ತಿರುವುದು ಮತ್ತೊಂದು ತೊಡಕು. ಅದು ಕಾಲು ಕೊಯ್ಯದು, ಆದರೆ ಕಾಲುವೆಯ ತೂಬನ್ನು ಕಟ್ಟುತ್ತದೆ.

ನೀರಿನ ಬಾಟಲಿಗಾದರೆ ಅಂಜನಾದ್ರಿಯೇ ತಕ್ಕ ಸ್ಥಳ. ಆನೆಗೊಂದಿಯ ಬಳಿಯ ಆ ಬೆಟ್ಟಕ್ಕೆ ಮೆಟ್ಟಿಲು 575. ಹತ್ತುವವರೆಲ್ಲರ ಕೈಯಲ್ಲಿ ಬಾಟಲಿ, ಇಳಿಯುವವರಲ್ಲಿ ಬಹುಮಂದಿಯ ಕೈ ಬರಿದು. ಕೇದಾರನಾಥದ ದಾರಿಯಲ್ಲಿ 2022ರಿಂದ ಪ್ಲಾಸ್ಟಿಕ್ ಬಾಟಲಿಗೆ ಸಂಕೇತಚೀಟಿ ಅಂಟಿಸಿ 10 ರೂಪಾಯಿ ಠೇವಣಿ ಪಡೆದು, ಬಾಟಲಿ ಒಪ್ಪಿಸಿದವರಿಗೆ ಹಿಂದಿರುಗಿಸುವ ಏರ್ಪಾಡು ಮಾಡಿದರು. ಅಲ್ಲಿ ಯಾತ್ರೆಯ ದಾರಿ ಹಿಮಾಲಯದ ಉದ್ದದ್ದು. ಇಲ್ಲಿ ಬೆಟ್ಟದ ಬುಡದಲ್ಲಿ ನೀರು ಮಾರುವ ಅಂಗಡಿಗಳು ಬೆರಳೆಣಿಕೆಗೆ ಸಿಕ್ಕುವಷ್ಟು ಒತ್ತಾಗಿವೆ. ಹಣ ಕೊಡುವ ಮೇಜನ್ನು ಕೊನೆಯ ಮೆಟ್ಟಿಲ ಬಳಿಯೇ ಇಡಬೇಕು. ವಾಹನ ನಿಲ್ಲಿಸುವಲ್ಲಿ ಇಟ್ಟರೆ, ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಧಾವಿಸುವವರು ಅತ್ತ ತಿರುಗಿಯೂ ನೋಡುವುದಿಲ್ಲ.