ಉತ್ತಪ್ಪ ಹೇಳಿದ್ದನ್ನ ನಾವು ಕೇಳಿಸಿಕೊಂಡ್ವಾ? ಫಾರ್ಮ್ ಹಿಂದಿನ ಮನಸ್ಸಿನ ಕತೆ

ಐಪಿಎಲ್ ಶುರುವಾದರೆ ಗಾಂಧಿ ಬಜಾರ್‌ನಲ್ಲಿ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರೆಲ್ಲ ಸೆಲೆಕ್ಟರ್‌ಗಳೇ. ‘ಅವನ್ದು ಮುಗೀತು ಬಿಡಿ’, ‘ದುಡ್ಡು ಬಂದ್ಮೇಲೆ ಆಟ ಹೋಯ್ತು’. ಈ ತೀರ್ಪು ಹೊತ್ತುಕೊಳ್ಳುವ ಹುಡುಗನಿಗೆ ಎಷ್ಟೋ ಸಲ ಇಪ್ಪತ್ತೆರಡು, ಇಪ್ಪತ್ಮೂರು ವರ್ಷ. ನಮ್ಮ ಇಂಟರ್ನ್‌ಶಿಪ್ ಮುಗಿಯದ ವಯಸ್ಸು.

ರಾಬಿನ್ ಉತ್ತಪ್ಪ ಅವರನ್ನೇ ನೋಡಿ. ಕೊಡಗಿನ ಮನೆತನ, ಕರ್ನಾಟಕ ತಂಡ. 2006ರಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯದಲ್ಲೇ 86 ರನ್, ಮರುವರ್ಷ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿ ಜಾಗ. 2020ರಲ್ಲಿ ಅವರೇ ಬಾಯಿಬಿಟ್ಟು ಹೇಳಿದರು: 2009ರಿಂದ 2011ರವರೆಗೆ ಖಿನ್ನತೆ ಇತ್ತು, ಆತ್ಮಹತ್ಯೆಯ ಯೋಚನೆ ಹೆಚ್ಚುಕಮ್ಮಿ ದಿನವೂ ಬರುತ್ತಿತ್ತು. ಪಂದ್ಯ ಇದ್ದ ದಿನ ಆಟ ಆ ಯೋಚನೆಯನ್ನು ದೂರ ಇಡುತ್ತಿತ್ತಂತೆ. ಪಂದ್ಯ ಇಲ್ಲದ ದಿನ ಮತ್ತು ಆಫ್ ಸೀಸನ್ ಬಂದಾಗಲೇ ಕಷ್ಟ.

ಇಲ್ಲಿ ಸ್ವಲ್ಪ ನಿಲ್ಲೋಣ. ‘ಒತ್ತಡ’ ಅಂದ ತಕ್ಷಣ ನಾವು ಕೊನೇ ಓವರ್ ನೆನಪಿಸಿಕೊಳ್ತೀವಿ. ಆದರೆ ಉತ್ತಪ್ಪ ಹೇಳಿದ್ದು ಉಲ್ಟಾ. ಆಟ ನಿಂತಾಗ ಉಳಿಯುವ ಖಾಲಿತನವೇ ಹೆಚ್ಚು ಅಪಾಯ. ಗಾಯವಾಗಿ ಆರು ತಿಂಗಳು ಮನೆಯಲ್ಲಿ ಕೂತವರು, ತಂಡದಿಂದ ಬಿದ್ದವರು, ಬೆಂಚಿನಲ್ಲೇ ಸೀಸನ್ ಕಳೆದವರು – ಇವರ ಮುಖ ಟಿವಿಯಲ್ಲಿ ಬರಲ್ಲ. 2009ರಲ್ಲಿ ಮುಂಬೈ ಇಂಡಿಯನ್ಸ್‌ನಿಂದ ಆರ್‌ಸಿಬಿಗೆ ಅವರ ವರ್ಗಾವಣೆ ಆಯ್ತು. ವೈಯಕ್ತಿಕ ಸಮಸ್ಯೆಗಳ ನಡುವೆ ಬಂದ ಆ ಬದಲಾವಣೆ, ಆ ಸೀಸನ್‌ನಲ್ಲಿ ತಾನು ಖಿನ್ನತೆಗೆ ಜಾರಿದ್ದು, ಎಲ್ಲವನ್ನೂ ಮುಂದೆ ಹೇಳಿಕೊಂಡರು. ಆಗ ನಾವೇನಂದ್ವಿ? ‘ಫಾರ್ಮ್ ಇಲ್ಲ’ ಅಂದ್ವಿ.

ಇದು ಒಬ್ಬರ ಕತೆ ಅಲ್ಲ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರಲ್ಲಿ ಉನ್ನತ ಮಟ್ಟದ ಕ್ರೀಡಾಪಟುಗಳ ಮಾನಸಿಕ ಆರೋಗ್ಯದ ಬಗ್ಗೆಯೇ ತಜ್ಞರ ಒಮ್ಮತದ ವರದಿ ತಂದಿತು. ಅದೇ ವರ್ಷದ ಒಂದು ಸಂಶೋಧನಾ ವಿಶ್ಲೇಷಣೆಯಲ್ಲಿ, ಆಡುತ್ತಿರುವ ಕ್ರೀಡಾಪಟುಗಳ ಪೈಕಿ ಆತಂಕ ಅಥವಾ ಖಿನ್ನತೆಯ ಲಕ್ಷಣ ಇದ್ದವರು ಸುಮಾರು 34%. ಅಂದರೆ ಹನ್ನೊಂದು ಜನರ ತಂಡದಲ್ಲಿ ಮೂರ್ನಾಲ್ಕು ಮಂದಿ.

ಈಗ ದುಡ್ಡಿನ ಮಾತು, ಯಾಕಂದ್ರೆ ಇದು ಬರೀ ‘ಮನೋಬಲ’ದ ವಿಷಯ ಅಲ್ಲ, ಉದ್ಯೋಗ ಭದ್ರತೆಯ ವಿಷಯ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಮೆಗಾ ಹರಾಜಿಗೆ ಹೆಸರು ಕೊಟ್ಟವರು 1,574. ಮಾರಾಟವಾದವರು 182. ಉಳಿದವರು ಎಲ್ಲಿಗೆ ಹೋಗಬೇಕು? ಬಿಸಿಸಿಐ ವಾರ್ಷಿಕ ಗುತ್ತಿಗೆ ಇರೋದು ರಾಷ್ಟ್ರೀಯ ತಂಡದ ಸುತ್ತಲಿನ ಕೆಲವರಿಗೆ. ರಣಜಿಯಲ್ಲಿ ಹೊಸಬನಿಗೆ, 2021ರಲ್ಲಿ ಪರಿಷ್ಕರಿಸಿದ ದರದಂತೆ, ದಿನಕ್ಕೆ 40,000 ರೂಪಾಯಿ. ಕೇಳೋಕೆ ಚೆನ್ನಾಗಿದೆ. ಆದರೆ ಅದು ಆಡಿದ ದಿನದ ಕೂಲಿ. ಹನ್ನೊಂದರಲ್ಲಿ ಹೆಸರಿಲ್ಲದಿದ್ದರೆ ಅಷ್ಟು ಸಿಗಲ್ಲ, ಮಂಡಿ ಮುರಿದು ಮನೆಯಲ್ಲಿ ಕೂತರೆ ಲೆಕ್ಕವೇ ಬೇರೆ.

ಇಂಥ ವ್ಯವಸ್ಥೆಯಲ್ಲಿ ಆಟಗಾರ ‘ನಂಗೆ ನಿದ್ದೆ ಬರ್ತಿಲ್ಲ’ ಅಂತ ಯಾರಿಗೆ ಹೇಳ್ತಾನೆ? ತಂಡದ ಮನಃಶಾಸ್ತ್ರಜ್ಞರಿಗೆ ಸಂಬಳ ಕೊಡೋದೂ ತಂಡವೇ. ಹೇಳಿದ್ದು ಕೋಚ್ ಕಿವಿಗೆ ಬಿದ್ದರೆ ಮುಂದಿನ ಪಂದ್ಯ ಹೋಯ್ತು ಅನ್ನೋ ಭಯ ಸುಳ್ಳೇನಲ್ಲ. 2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಹೋಗದ ನವೊಮಿ ಒಸಾಕಾಗೆ ಬಿದ್ದದ್ದು 15,000 ಡಾಲರ್ ದಂಡ. ಆಕೆ ಟೂರ್ನಿ ಬಿಟ್ಟೇ ಹೊರಟರು. ಇತ್ತ 2019ರಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ ಸರಣಿ ಮಧ್ಯೆ ವಿರಾಮ ಕೇಳಿದಾಗ ಆಸ್ಟ್ರೇಲಿಯಾ ಮಂಡಳಿ ಕೊಟ್ಟಿತು, ಅವರು ವಾಪಸ್ ಬಂದು ಆಡಿದರು ಕೂಡ. ವ್ಯತ್ಯಾಸ ಮಾಡಿದ್ದು ಸಂಸ್ಥೆ.

ಇನ್ನೊಂದು ಬದಲಾವಣೆ ಬಸವನಗುಡಿಯವರಿಗೇ ಗೊತ್ತಿರೋದು. ಇಲ್ಲಿನ ನ್ಯಾಷನಲ್‌ನಲ್ಲಿ ಓದಿದ ಅನಿಲ್ ಕುಂಬ್ಳೆ ಭಾರತಕ್ಕೆ ಆಡುತ್ತಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಅದು ಎಲ್ಲರಿಗೂ ಆಗುವ ಮಾತಲ್ಲ, ಒಪ್ಪೋಣ. ಆದರೆ ಇವತ್ತು ಹನ್ನೆರಡು ವರ್ಷಕ್ಕೇ ಅಕಾಡೆಮಿ, ಬೆಳಗ್ಗೆ ಐದಕ್ಕೆ ಈಜುಕೊಳ, ಶಾಲೆ ಹೆಸರಿಗಷ್ಟೇ. ‘ನಾನು ಯಾರು’ ಅನ್ನೋದಕ್ಕೆ ಮಗುವಿನ ಹತ್ತಿರ ಒಂದೇ ಉತ್ತರ ಉಳಿಯುತ್ತೆ. ಅಪ್ಪ-ಅಮ್ಮನ ಸಾಲವೂ ಆ ಉತ್ತರದ ಮೇಲೇ ನಿಂತಿರುತ್ತೆ.

ಕಾನೂನು ಏನನ್ನುತ್ತೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅನ್ನುತ್ತೆ. ದೇಹದ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತೆ. ಹಾಗಾದರೆ ಕ್ಲಬ್, ಅಕಾಡೆಮಿ, ಫ್ರಾಂಚೈಸಿಗಳನ್ನ ಕೇಳಬೇಕಾದ್ದು ಇಷ್ಟು: ಆಟಗಾರರ ವಿಮೆಯಲ್ಲಿ ಇದು ಸೇರಿದೆಯಾ? ಆಯ್ಕೆಗೆ ಸಂಬಂಧವಿಲ್ಲದ, ಗುಟ್ಟು ಕಾಯುವ ಆಪ್ತಸಮಾಲೋಚಕರು ಇದ್ದಾರಾ? ವಿರಾಮ ತಗೊಂಡವರ ಗುತ್ತಿಗೆ ಉಳಿಯುತ್ತಾ?

ಉತ್ತಪ್ಪ 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ಗೆದ್ದರು. ಕತೆ ಸುಖಾಂತ್ಯ ಅಂತ ಮುಗಿಸೋದು ಸುಲಭ. ಆದರೆ 2024ರಲ್ಲಿ, ಇಂಗ್ಲೆಂಡ್‌ನ ಗ್ರಹಾಂ ಥಾರ್ಪ್ ತೀರಿಕೊಂಡ ಮೇಲೆ, ಅವರು ಮತ್ತೆ ಇದೇ ವಿಷಯ ಮಾತಾಡಬೇಕಾಯ್ತು.

ನೀವೋ ನಿಮ್ಮ ಗೆಳೆಯರೋ ಇಂಥ ಸ್ಥಿತಿಯಲ್ಲಿದ್ದರೆ, ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.