ತಿರುಗಾಟಕ್ಕೆ ಹೋಗಿ, ಎದೆಯ ಮಾತನ್ನೂ ಕೇಳಿ

ಮನೆಗೆ ನೆಂಟರು ಬಂದರೆ ನಾವು ಬೆಳಗಾವಿಯವರು ಏನು ತೋರಿಸುತ್ತೇವೆ? ಕೋಟೆಯೊಳಗಿನ ಕಮಲ ಬಸದಿ, ಕೋಟೆ ಕೆರೆಯ ದಂಡೆ. ಇನ್ನೊಂದು ದಿನ ಬಿಡುವಿದ್ದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ. ಜತೆಗೆ ಒಂದು ಬೆಳಿಗ್ಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋಗೂ ಕರೆದೊಯ್ಯಿರಿ. ಸಿಡುಬಿನ ಕಾಲದಲ್ಲಿ ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುತ್ತಿದ್ದ ಜಾಗವದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು.

ಇಂದು ಆ ಮರಗಳ ನೆರಳಿನಲ್ಲಿ ನಡೆಯುವವರು ಎಚ್ಚರವಹಿಸಬೇಕಾದ ರೋಗ ಬೇರೆಯೇ ಇದೆ.

ಕೆಲ ವರ್ಷಗಳ ಹಿಂದೆ ಐವತ್ತೆರಡು ವಯಸ್ಸಿನ ಗೃಹಸ್ಥರೊಬ್ಬರು ಬಂದು, 'ಗ್ಯಾಸಿನ ಮಾತ್ರೆ ಬರೆದುಕೊಡಿ ಡಾಕ್ಟರೇ' ಎಂದರು. ಯಾವಾಗ ತೊಂದರೆಯಾಗುತ್ತದೆ ಎಂದು ಕೇಳಿದೆ. 'ಬೆಳಿಗ್ಗೆ ಎರಡನೇ ಸುತ್ತು ನಡೆಯುವಾಗ ಎದೆ ಬಿಗಿ ಹಿಡಿದಂತಾಗುತ್ತದೆ. ಐದು ನಿಮಿಷ ಕುಳಿತರೆ ಹೋಗಿಬಿಡುತ್ತದೆ.' ಮೂರು ವಾರದಿಂದ ಹೀಗಿತ್ತು. ಮಗಳ ಮದುವೆ ಹತ್ತಿರವಿದ್ದುದರಿಂದ ಮನೆಯಲ್ಲಿ ಹೇಳಿರಲಿಲ್ಲ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ಆದರೂ ಅಂದೇ ಹೃದಯ ತಜ್ಞರಲ್ಲಿಗೆ ಕಳಿಸಿದೆ. ಹೃದಯದ ಎರಡು ರಕ್ತನಾಳಗಳು ಕಿರಿದಾಗಿದ್ದವು. ಸಕಾಲದಲ್ಲಿ ಚಿಕಿತ್ಸೆಯಾಯಿತು, ಮಗಳನ್ನು ಅವರೇ ಧಾರೆ ಎರೆದುಕೊಟ್ಟರು.

ಕಿರಿದಾದ ನಾಳ ಕುಳಿತಾಗ ಬೇಕಾದಷ್ಟು ರಕ್ತ ಕೊಡಬಲ್ಲದು. ನಡೆದಾಗ, ಏರು ಹತ್ತಿದಾಗ ಸಾಲದು. ಆಗ ಎದೆ ಬಿಗಿಯುತ್ತದೆ. ನೋವು ದವಡೆಗೆ, ಎಡತೋಳಿಗೆ ಹರಡಬಹುದು. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಬರೀ ಏದುಸಿರು, ವಿಪರೀತ ಸುಸ್ತು ಮಾತ್ರ ಕಾಣಬಹುದು. ನಡೆದಾಗ ಬಂದು ಕುಳಿತಾಗ ಹೋಗುವ ತೊಂದರೆಯನ್ನು ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಕುಳಿತರೂ ಹತ್ತು ನಿಮಿಷದಲ್ಲಿ ಹೋಗದಿದ್ದರೆ, ಬೆವರು, ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸ್ವತಃ ವಾಹನ ಓಡಿಸಬೇಡಿ.

ಹಾಗೆಂದು ನಡಿಗೆ ಬಿಡಬೇಡಿ. ವಾರಕ್ಕೆ ಐದು ದಿನ, ಅರ್ಧ ಗಂಟೆ ಸಾಕು. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ, ಮನೆಗೆ ಬಂದು ಪಾದ ಪರೀಕ್ಷಿಸಿಕೊಳ್ಳಿ.

ಖಾನಾಪುರದ ಕಾಡಿನ ಕಡೆ ಹೋಗುವವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಪಶ್ಚಿಮ ಘಟ್ಟದುದ್ದಕ್ಕೂ ಹರಡಿ ಗೋವಾ, ಸಿಂಧುದುರ್ಗಗಳನ್ನೂ ಮುಟ್ಟಿದೆ. ಅದನ್ನು ಹರಡುವುದು ಉಣ್ಣೆ. ತುಂಬುತೋಳಿನ ಅಂಗಿ ಧರಿಸಿ, ತರಗೆಲೆಯ ಮೇಲೆ ಕೂಡಬೇಡಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ವಾರದೊಳಗೆ ಜೋರು ಜ್ವರ, ಮೈಕೈನೋವು ಬಂದರೆ 'ಕಾಡಿಗೆ ಹೋಗಿದ್ದೆವು' ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಎಲ್ಲಿ ಹೋಗಿದ್ದಿರಿ, ಏನು ಮಾಡುವಾಗ ಶುರುವಾಯಿತು? ಎಷ್ಟೋ ಸಲ ರೋಗದ ಸುಳಿವು ಸಿಗುವುದು ಈ ಎರಡು ಪ್ರಶ್ನೆಗಳ ಉತ್ತರದಲ್ಲೇ. ನಾವು ಕೇಳಲು ಮರೆತರೂ ನೀವು ಹೇಳಲು ಮರೆಯಬೇಡಿ.